ಅರಸರು ಜೊತೆಗೆ ಒಯ್ದದ್ದೇನು?



ಈಜಿಪ್ಟ್ ದೇಶದಲ್ಲಿ ಅರಸನೇ ದೇವರು. ಸತ್ತ ಮೇಲೂ ಅವನ ಅರಸುತನ ಮುಗಿಯುವುದಿಲ್ಲವೆಂದು ಆ ಜನ ನಂಬಿದ್ದರು. 1922ರಲ್ಲಿ ಹೊವಾರ್ಡ್ ಕಾರ್ಟರ್ ಎಂಬವರು ಟುಟಾಂಖಾಮನ್ ಎಂಬ ಎಳೆಯ ಅರಸನ ಗೋರಿಯನ್ನು ಪತ್ತೆ ಮಾಡಿದರು. ಒಳಗಿನ ಸಾಮಾನುಗಳನ್ನು ಪಟ್ಟಿ ಮಾಡಿ ತೆಗೆಯಲು ಸುಮಾರು ಹತ್ತು ವರ್ಷ ಹಿಡಿಯಿತು. ರಥ, ಮಂಚ, ಚಪ್ಪಲಿ, ದ್ರಾಕ್ಷಾರಸದ ಜಾಡಿ, ಒಳಉಡುಪು ಸಹಿತ ಐದು ಸಾವಿರಕ್ಕೂ ಮಿಕ್ಕಿದ ವಸ್ತುಗಳು! ವರ್ಷವರ್ಷವೂ ಅಂಗಡಿಯ ದಾಸ್ತಾನು ಲೆಕ್ಕ ಬರೆದವನಿಗೆ ಈ ಪಟ್ಟಿಯ ಶ್ರಮ ಅರ್ಥವಾಗುತ್ತದೆ. ಪರಲೋಕದಲ್ಲಿ ಹೊಲದ ಕೆಲಸಕ್ಕೆ ಕರೆ ಬಂದರೆ ಅರಸನ ಬದಲಿಗೆ ಹೋಗಲು 413 ಗೊಂಬೆಯಾಳುಗಳೂ ಇದ್ದವು.

ಇರಾಕಿನ ಊರ್ ಎಂಬ ಪ್ರಾಚೀನ ಪಟ್ಟಣದಲ್ಲಿ ಹೋದದ್ದು ಗೊಂಬೆಗಳಲ್ಲ, ಮನುಷ್ಯರೇ. ಸುಮಾರು 4500 ವರ್ಷ ಹಿಂದಿನ ಒಂದೇ ಗುಂಡಿಯಲ್ಲಿ 74 ಮಂದಿ ಸಿಕ್ಕಿದರು. 68 ಮಂದಿ ಹೆಂಗಸರು. ಅಲ್ಲಿಯ ಅರಸ ಸಾಮಾನ್ಯವಾಗಿ ದೇವರಲ್ಲ, ದೇವರ ಕಾರ್ಯಭಾರಿ. ಸತ್ತವರ ಲೋಕವೆಂದರೆ ಕತ್ತಲೆ, ಧೂಳು. ಆದರೂ ಪರಿವಾರ ಬೇಕಾಯಿತು.

ಇದನ್ನು ಓದಿ ನಾವು ಹೆಮ್ಮೆಪಡುವಂತಿಲ್ಲ. ಕನ್ನಡ ನಾಡಿನಲ್ಲಿಯೂ ಒಡೆಯ ಸತ್ತಾಗ ಆಳು ತಾನೂ ಸತ್ತು ಅವನ ಕೆಳಗೆ ಹೂಳಿಸಿಕೊಳ್ಳುವ 'ಕೀಳ್ಗುಂಟೆ' ಎಂಬ ಪದ್ಧತಿ ಇತ್ತು. ಇಮ್ಮಡಿ ವೀರಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ಕುವರ ಲಕ್ಷ್ಮನು ಹೆಂಡತಿಯೊಡನೆ, ಸಾವಿರ ವೀರರೊಡನೆ ಪ್ರಾಣ ಕೊಟ್ಟನೆಂದು ಹಳೇಬೀಡಿನ ಕಂಬ ಹೇಳುತ್ತದೆ.

ಶಾಲೆಯ ಪುಸ್ತಕದಲ್ಲಿ ಪಿರಮಿಡ್ಡು ನೋಡಿದ ಮಕ್ಕಳು, ನಮ್ಮ ಅರಸರ ಗೋರಿ ಎಲ್ಲಿದೆ ಅಜ್ಜಾ ಎಂದು ಕೇಳುತ್ತಾರೆ. ಅವರನ್ನು ಶ್ರವಣಬೆಳಗೊಳದ ಚಂದ್ರಗಿರಿಗೆ ಕರೆದುಕೊಂಡು ಹೋಗಬೇಕು. ಪೆರಿಕಲ್ಲೂರಿನವರಿಗೆ ಕಬಿನಿ ದಾಟಿದರೆ ಬೈರಕುಪ್ಪೆ, ಅಲ್ಲಿಂದಾಚೆ ಕರ್ನಾಟಕವೇ. ದೊಡ್ಡ ಬೆಟ್ಟವನ್ನು ಮಾತ್ರ ಹತ್ತಿ ಇಳಿದು ಬರುವವರೇ ಹೆಚ್ಚು. ಚಿಕ್ಕ ಬೆಟ್ಟದಲ್ಲಿಯೇ ಓದುವ ಕಲ್ಲುಗಳು ಬಹಳ.

ಗಂಗರ ಮಾರಸಿಂಹನ ಶಾಸನ ಅಲ್ಲಿದೆ. ಎಷ್ಟೋ ಯುದ್ಧ ಗೆದ್ದವನು ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನದ ಸಲ್ಲೇಖನದಿಂದ ದೇಹ ಬಿಟ್ಟನು. ರಾಷ್ಟ್ರಕೂಟರ ಕೊನೆಯ ಇಂದ್ರನು ಬೆಳಗೊಳದಲ್ಲಿಯೇ 982ರಲ್ಲಿ ಸಲ್ಲೇಖನ ಕೈಗೊಂಡನು. ರಾಜ್ಯ ಹೋದ ದುಃಖಕ್ಕೆ ಉಪವಾಸ ಬಿದ್ದು ಸತ್ತ ಎಂದು ಕೆಲವರು ಹಗುರವಾಗಿ ಮಾತನಾಡುತ್ತಾರೆ. ರಾಷ್ಟ್ರಕೂಟರ ರಾಜ್ಯ ತೈಲಪನ ಕೈಸೇರಿದ್ದು 973ರಲ್ಲಿ. ದುಃಖಕ್ಕೆ ಸಾಯುವವನು ಒಂಬತ್ತು ವರ್ಷ ಕಾಯುತ್ತಾನೆಯೇ? ಅವನ ಶಾಸನದಲ್ಲಿ ಚೆಂಡಾಟದ ಜಾಣ್ಮೆಯ ಹೊಗಳಿಕೆಯೂ ಇದೆ, ಮಕ್ಕಳಿಗೆ ಅದನ್ನೂ ಹೇಳಿ. ಇವರಿಬ್ಬರೊಡನೆ ಆಳು ಹೋಗಲಿಲ್ಲ, ರಥ ಹೋಗಲಿಲ್ಲ.

ಹೋಗಿ ಪ್ರಯೋಜನವೂ ಇಲ್ಲವಷ್ಟೆ. ನಮ್ಮ ಪುರಾಣದಲ್ಲಿ ಕಿರೀಟಕ್ಕೆ ರಿಯಾಯಿತಿ ಇಲ್ಲ. ಮಹಾವೀರ ಸ್ವಾಮಿಯ ಸಮವಸರಣದ ಮುಖ್ಯ ಶ್ರೋತೃ ಮಗಧದ ಶ್ರೇಣಿಕ ಮಹಾರಾಜ. ಅವನು ಹಿಂದೊಮ್ಮೆ ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವು ಹಾಕಿದ್ದನು. ಆಗ ಕಟ್ಟಿದ ಏಳನೆಯ ನರಕದ ಆಯುಷ್ಯ, ಸಮ್ಯಕ್ತ್ವದಿಂದ ಮೊದಲನೆಯ ನರಕಕ್ಕೆ ಇಳಿಯಿತು, ಅಳಿಸಿಹೋಗಲಿಲ್ಲ. ಮುಂದೆ ತೀರ್ಥಂಕರನಾಗುವ ಜೀವವೇ ಅದು, ಆದರೂ ಈಗ ಅಲ್ಲಿಯೇ ಇದೆ.