ಬೆಟ್ಟ ನೋಡಿ ವೈನ್ ಕುಡಿದು ಹೋದವರ ಬಾಕಿ ಲೆಕ್ಕ

ಶನಿವಾರ ಬಂತೆಂದರೆ ಸಾಕು, ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಕಾರುಗಳು ಬೆಳಗಿನ ಜಾವಕ್ಕೇ ನಂದಿಬೆಟ್ಟದ ದಾರಿ ಹಿಡಿಯುತ್ತವೆ. ಕಾರ್ಯಕ್ರಮ ಏನೆಂದು ನಿಮಗೂ ಗೊತ್ತು. ಬೆಟ್ಟದ ತುದಿಯಲ್ಲಿ ಸೂರ್ಯೋದಯ, ಮೋಡದ ಮುಂದೆ ಸೆಲ್ಫಿ, ಕೆಳಗಿಳಿದು ಭೋಗನಂದೀಶ್ವರನಿಗೊಂದು ನಮಸ್ಕಾರ. ಮಧ್ಯಾಹ್ನ ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿರುವ ಗ್ರೋವರ್ ಜಂಪಾ ವೈನರಿ. ಅಲ್ಲಿ ತೋಟ ಸುತ್ತಿ, ಪೀಪಾಯಿ ನೋಡಿ, ಒಂದೊಂದು ಗ್ಲಾಸಿನ ರುಚಿ ನೋಡಿ ಸಂಜೆಗೆ ಮನೆ.

ಬರಲಿ, ಯಾರೂ ಬೇಡ ಅನ್ನುವುದಿಲ್ಲ. ಕುಡಿಯುವುದು ಸರಿಯೋ ತಪ್ಪೋ ಅನ್ನುವ ಉಪದೇಶವೂ ಇದಲ್ಲ. ನಮ್ಮ ತಕರಾರು ಒಂದೇ: ಈ ಪ್ರವಾಸದಲ್ಲಿ ಬೆಟ್ಟ ಕಾಣುತ್ತದೆ, ಬಾಟಲಿ ಕಾಣುತ್ತದೆ, ನಡುವೆ ಇರುವ ಹಳ್ಳಿ ಮಾತ್ರ ಕಾಣುವುದಿಲ್ಲ. ಆ ಹಳ್ಳಿಗೆ ಪೇಟೆಯ ಹಳೇ ಬಾಕಿ ಇದೆ.

ಮೊದಲು ನೀರಿನ ಲೆಕ್ಕ. ಅರ್ಕಾವತಿ ಹುಟ್ಟುವುದು ಇದೇ ನಂದಿ ಬೆಟ್ಟಸಾಲಿನಲ್ಲಿ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬೆಳೆದಾಗ ಬೆಂಗಳೂರಿನ ನಲ್ಲಿಗೆ ಬರುತ್ತಿದ್ದದ್ದು ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು. ಅದು ಸಾಲದಾದಾಗ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಈಗ ಪೇಟೆಗೆ ನೂರು ಕಿಲೋಮೀಟರ್ ಆಚೆಯಿಂದ ಕಾವೇರಿ ಬರುತ್ತದೆ. ಅರ್ಕಾವತಿಯನ್ನು ಮರೆತೇಬಿಟ್ಟರು.

ನಮಗೆ ವಾಪಸ್ ಬಂದದ್ದೇನು? ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಚಿಕ್ಕಬಳ್ಳಾಪುರವೂ ಸೇರಿ ಸುತ್ತಲಿನ 65 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ಇಲ್ಲಿನ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಬೆಟ್ಟದ ನೀರು ಕುಡಿದವರು ಬಚ್ಚಲ ನೀರು ಕಳಿಸುವಾಗ ಅದನ್ನು ಪೂರ್ತಿ ತೊಳೆದು ಕಳಿಸಿ ಅನ್ನುವುದು ದೊಡ್ಡ ಬೇಡಿಕೆಯೇ?

ಎರಡನೆಯದು ದ್ರಾಕ್ಷಿ ಲೆಕ್ಕ. ಬೆಟ್ಟದ ಬುಡದಲ್ಲಿ ಫ್ರಾನ್ಸಿನ ತಳಿಗಳ ದ್ರಾಕ್ಷಿ ಬೆಳೆದು ಗ್ರೋವರ್‌ನವರು ವೈನ್ ಕಂಪನಿ ಶುರುಮಾಡಿದ್ದು 1988ರಲ್ಲಿ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ದ್ರಾಕ್ಷಿ ಬೆಳೆಗಾರರ ಹೆಸರು ಹೇಳಿಯೇ ತಂದಿತು. ಆದರೆ ನಮ್ಮ ರೈತ ಹೆಚ್ಚಾಗಿ ನಂಬಿರುವುದು ಬೆಂಗಳೂರು ನೀಲಿ ದ್ರಾಕ್ಷಿಯನ್ನು. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಮಾನ್ಯತೆಯ ಕಾಗದ ಬೆಲೆ ಕುಸಿದಾಗ ಕೈಹಿಡಿಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮಾಗಿದ ಹಣ್ಣಿಗೆ ಗಿರಾಕಿ ಸಿಗದೆ ಇಲ್ಲಿನ ಬೆಳೆಗಾರರು ಪಟ್ಟ ಪಾಡು ನಿಮಗೆ ನೆನಪಿರಬಹುದು.

"ಪ್ರವಾಸಿಗರು ಬಂದರೆ ನಿಮಗೇ ಕೆಲಸ ಅಲ್ಲವೇ?" ಎಂದು ಕೇಳುತ್ತಾರೆ. ಹೌದು, ಕೆಲಸವಿದೆ. ಪಾರ್ಕಿಂಗ್‌ನಲ್ಲಿ ಸೀಟಿ ಊದುವುದು, ರಸ್ತೆ ಬದಿ ಜೋಳ ಸುಡುವುದು, ರೆಸಾರ್ಟಿನಲ್ಲಿ ತಟ್ಟೆ ತೊಳೆಯುವುದು. ಆ ಕೆಲಸಗಳನ್ನು ಹೀಗಳೆಯುತ್ತಿಲ್ಲ. ಆದರೆ ನೀರು, ನೆಲ, ಬೆಟ್ಟ ಕೊಟ್ಟವರಿಗೆ ಅಷ್ಟೇ ಸಾಕು ಅಂತ ತೀರ್ಮಾನಿಸಿದವರು ಯಾರು?

2025ರ ಜುಲೈ 2ರಂದು ಸಚಿವ ಸಂಪುಟವೇ ನಂದಿಬೆಟ್ಟ ಹತ್ತಿ ಸಭೆ ಮಾಡಿತು. ಅಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡುವ ತೀರ್ಮಾನವಾಯಿತು. ಅಂದರೆ ವೈನರಿ ಇರುವ ಜಿಲ್ಲೆಯ ಹೆಸರಿನಿಂದಲೇ 'ಗ್ರಾಮ' ಹೊರಟಿತು. ಹೆಸರು ಬದಲಾದರೆ ಭೂಮಿಯ ಬೆಲೆ ಏರುತ್ತದೆ ಅನ್ನುವವರಿದ್ದಾರೆ. ಭೂಮಿ ಮಾರುವವನಿಗೆ ಅದು ಲಾಭ. ಉಳುವವನಿಗೆ?

ನಾವು ಕೇಳಬೇಕಾದದ್ದು ನಾಲ್ಕೇ ಮಾತು.

ಒಂದು, ಬೆಟ್ಟದಲ್ಲಿ ವಸೂಲಾಗುವ ಪ್ರವೇಶ ಮತ್ತು ಪಾರ್ಕಿಂಗ್ ಶುಲ್ಕದಲ್ಲಿ ಬುಡದ ಪಂಚಾಯಿತಿಗಳಿಗೆ ಗೊತ್ತಾದ ಪಾಲು ಇರಲಿ. ಅದರ ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯಲಿ.

ಎರಡು, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು.

ಮೂರು, ವೈನ್ ರುಚಿ ನೋಡುವ ಪ್ರವಾಸ ಬಸ್ಸಿನಲ್ಲೇ ನಡೆಯಲಿ. ಗ್ಲಾಸು ಹಿಡಿದ ಕೈ ಸ್ಟೀರಿಂಗ್ ಹಿಡಿಯುವುದು ಬೇಡ. ಅದೇ ರಸ್ತೆಯಲ್ಲಿ ನಮ್ಮ ಮಕ್ಕಳು ಸೈಕಲ್ ತುಳಿಯುತ್ತಾರೆ, ದನಕರು ದಾಟುತ್ತವೆ.

ನಾಲ್ಕು, ಪ್ರವಾಸದ ದಾರಿಯಲ್ಲೇ ಬೆಳೆಗಾರರ ಮಾರಾಟ ಮಳಿಗೆ ಇರಲಿ. ಬಾಟಲಿ ಕೊಂಡವರು ಎರಡು ಕೆಜಿ ನೀಲಿ ದ್ರಾಕ್ಷಿಯನ್ನೂ ಕೊಂಡು ಹೋಗಲಿ.

ಇದನ್ನು ಓದಿ ಶೇರ್ ಮಾಡಿ ಸುಮ್ಮನಾಗಬೇಡಿ. ಮುಂದಿನ ಗ್ರಾಮಸಭೆಗೆ ಹೋಗಿ, ಈ ನಾಲ್ಕನ್ನೂ ನಿರ್ಣಯ ಪುಸ್ತಕದಲ್ಲಿ ಬರೆಸಿ, ಪ್ರತಿ ಕೇಳಿ ಪಡೆದುಕೊಳ್ಳಿ. ಬಾಯಲ್ಲಿ ಕೇಳಿದ್ದನ್ನು ಅಧಿಕಾರಿಗಳು ಮರೆಯಬಹುದು, ಬರೆಸಿದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ.