ಜೀವಕೋಶದ ಕಾವಲು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅಂತಹ ದೇವಾಲಯದ ಬೆಳ್ಳಿಯ ಪಾತ್ರೆ ಗರ್ಭಗುಡಿಯಲ್ಲಿದ್ದರೆ ಯಾರೂ ಸಂಶಯಪಡುವುದಿಲ್ಲ. ಅದೇ ಪಾತ್ರೆ ನಡುರಾತ್ರಿ ಹೊಲದ ಬದುವಿನ ಮೇಲೆ ಕಂಡರೆ ಊರೇ ಎಚ್ಚರಗೊಳ್ಳುತ್ತದೆ. ವಸ್ತು ಬದಲಾಗಿಲ್ಲ, ಅದಿರುವ ಸ್ಥಳ ಬದಲಾಗಿದೆ. ಮನುಷ್ಯನ ಜೀವಕೋಶವೂ ಪರಕೀಯ ಡಿ.ಎನ್.ಎ.ಯನ್ನು ಗುರುತಿಸುವುದು ಬಹುಮಟ್ಟಿಗೆ ಈ ನ್ಯಾಯದಿಂದಲೇ.

ಡಿ.ಎನ್.ಎ. ಇರತಕ್ಕ ಸ್ಥಳ ಕೋಶಕೇಂದ್ರ. ಅಲ್ಪ ಪ್ರಮಾಣದಲ್ಲಿ ಮೈಟೊಕಾಂಡ್ರಿಯ. ಕೋಶದ್ರವದಲ್ಲಿ ಅದು ಕಾಣಿಸಿಕೊಂಡರೆ ವೈರಾಣುವೋ ಬ್ಯಾಕ್ಟೀರಿಯವೋ ಒಳಹೊಕ್ಕಿರುವ ಶಂಕೆಯುಂಟು. ಅಲ್ಲಿ ‘ಸಿಗ್ಯಾಸ್’ ಎಂಬ ಪ್ರೋಟೀನು ಕಾವಲಿರುತ್ತದೆ. ಡಿ.ಎನ್.ಎ. ಎಳೆಯನ್ನು ಹಿಡಿದೊಡನೆ ಅದು ಪುಟ್ಟದೊಂದು ಸಂದೇಶಕಣವನ್ನು ತಯಾರಿಸುತ್ತದೆ. ಆ ಕಣವು ‘ಸ್ಟಿಂಗ್’ ಎಂಬ ಇನ್ನೊಂದು ಪ್ರೋಟೀನನ್ನು ಎಚ್ಚರಿಸುತ್ತದೆ. ಅದರ ಪ್ರೇರಣೆಯಿಂದ ಕೋಶವು ಇಂಟರ್‌ಫೆರಾನನ್ನು ಸ್ರವಿಸಿ, ನೆರೆಯ ಕೋಶಗಳಿಗೂ ಅಪಾಯವನ್ನು ಸಾರುತ್ತದೆ. ಸ್ಟಿಂಗ್ 2008ರಲ್ಲಿ ಬೆಳಕಿಗೆ ಬಂದಿತು. ಸಿಗ್ಯಾಸನ್ನು 2013ರಲ್ಲಿ ಅಮೆರಿಕದ ಡಲ್ಲಾಸ್ ನಗರದ ವಿಜ್ಞಾನಿ ಝಿಜಿಯಾನ್ ಚೆನ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಹುಟ್ಟಿನಿಂದಲೇ ಬಂದ ಇಂತಹ ರಕ್ಷಣೆಗೆ ಸಹಜ ರೋಗನಿರೋಧಶಕ್ತಿಯೆಂದು ಹೆಸರು.

“ದೇಹಕ್ಕೆ ತನ್ನದೇ ಆದ ಕಾವಲಿರುವಾಗ ಲಸಿಕೆ ಏಕೆ?” ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ, ಆದರೆ ಅನುಭವ ಅದನ್ನು ಸಮರ್ಥಿಸುವುದಿಲ್ಲ. ಸಿಡುಬಿನ ವೈರಾಣು ಡಿ.ಎನ್.ಎ. ಉಳ್ಳದ್ದು, ಕೋಶದ್ರವದಲ್ಲಿಯೇ ವೃದ್ಧಿಯಾಗತಕ್ಕದ್ದು. ಕಾವಲುಗಾರನಿದ್ದರೂ ಅದು ಊರೂರುಗಳನ್ನು ಬಲಿ ತೆಗೆದುಕೊಂಡಿತು. ಕಳ್ಳನೂ ಉಪಾಯ ಬಲ್ಲವನು: ಸಿಡುಬಿನ ಬಳಗದ ಕೆಲವು ವೈರಾಣುಗಳು ಆ ಸಂದೇಶಕಣವನ್ನೇ ಕತ್ತರಿಸಿಹಾಕುತ್ತವೆಂಬುದು 2019ರಲ್ಲಿ ತಿಳಿದುಬಂದಿತು. ಮೇಲಾಗಿ, ಈ ಕಾವಲುಗಾರ ಒಬ್ಬೊಬ್ಬ ಶತ್ರುವಿನ ಮುಖವನ್ನೂ ನೆನಪಿಡಲಾರ. ನೆನಪಿಡುವ ಕೆಲಸ ರಕ್ತದ ಕೆಲವು ಬಿಳಿಕಣಗಳದು. ಲಸಿಕೆಯು ಪಾಠ ಹೇಳುವುದು ಅವಕ್ಕೆ.

ಜೆನ್ನರ್ 1796ರಲ್ಲಿ ತೋರಿಸಿದ ಈ ಮಾರ್ಗ ಮೈಸೂರಿಗೆ ಬೇಗನೆ ಬಂದಿತು. 1805–06ರ ವೇಳೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. 1975ರಲ್ಲಿ ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣ ಕಂಡಿತು. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 2022ರಲ್ಲಿ ಕರ್ನಾಟಕದ ದನಗಳನ್ನು ಕಾಡಿದ ಚರ್ಮಗಂಟು ರೋಗದ ವೈರಾಣುವೂ ಇದೇ ಬಳಗದ್ದು. ಅಲ್ಲಿಯೂ ರೈತನಿಗೆ ಲಸಿಕೆಯೇ ಆಸರೆಯಾಯಿತು.

ಹಾಗೆಂದು ಕಾವಲು ಬಿಗಿಯಾದಷ್ಟೂ ಒಳ್ಳೆಯದೆಂದು ಭಾವಿಸಲಾಗದು. ದಾರಿತಪ್ಪಿದ ಸ್ವಂತ ಡಿ.ಎನ್.ಎ.ಯನ್ನು ಶುಚಿಮಾಡುವ ಕಿಣ್ವದಲ್ಲಿ ದೋಷವಿದ್ದರೆ, ಕಾವಲುಗಾರನು ಮನೆಯವರನ್ನೇ ಕಳ್ಳರೆಂದು ಬಗೆಯುತ್ತಾನೆ. ಎಳೆಯ ಮಕ್ಕಳ ಮಿದುಳನ್ನು ಕೆಡಿಸುವ ಐಕಾರ್ಡಿ-ಗುಟಿಯೆರ್ ಎಂಬ ವಿರಳ ರೋಗಕ್ಕೆ ಇದೂ ಒಂದು ಕಾರಣ. ಆದುದರಿಂದ ‘ರೋಗನಿರೋಧಶಕ್ತಿ ಹೆಚ್ಚಿಸುವ’ ಪುಡಿ, ಕಷಾಯಗಳ ಜಾಹೀರಾತಿಗೆ ವಿವೇಕಿಗಳು ಮರುಳಾಗಬಾರದು. ದೇಹಕ್ಕೆ ಬೇಕಾದುದು ಉಬ್ಬಿದ ಶಕ್ತಿಯಲ್ಲ, ಹದವಾದ ಎಚ್ಚರ.

ಲಸಿಕೆ ಪ್ರಕೃತಿಗೆ ವಿರೋಧಿಯಲ್ಲ. ಪ್ರಕೃತಿ ಕೊಟ್ಟ ಕಾವಲಿಗೆ ಮನುಷ್ಯನ ಅರಿವು ಕೂಡಿಸಿದ ನೆನಪು ಅದು. ಇವೆರಡರಲ್ಲಿ ಒಂದನ್ನೇ ನೆಚ್ಚಿ ಮತ್ತೊಂದನ್ನು ಕಡೆಗಣಿಸುವುದು ಜಾಣತನವಲ್ಲ.