ಇಪ್ಪತ್ತು ಅಂಕಗಳ ಹೊಣೆ: ಕಲಿಕೆಯನ್ನು ಅಳೆಯುವುದೂ ಕಾಯಕವೇ

ರಾಜ್ಯದ ಪದವಿ ಶಿಕ್ಷಣದಲ್ಲಿ ಅಂಕಗಳ ಹಂಚಿಕೆ ಕೆಲವೇ ವರ್ಷಗಳಲ್ಲಿ ಎರಡು ಬಾರಿ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ನೂರರಲ್ಲಿ 40 ಅಂಕಗಳು ಪಾಠ ಹೇಳಿದ ಅಧ್ಯಾಪಕರ ಕೈಯಲ್ಲಿದ್ದವು. ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 60 ಅಂಕಗಳಿದ್ದವು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಹೊಸ ಪಠ್ಯಕ್ರಮದಲ್ಲಿ ಅಧ್ಯಾಪಕರ ಪಾಲು 20ಕ್ಕೆ ಇಳಿಯಿತು, ಪರೀಕ್ಷೆಯ ಪಾಲು 80ಕ್ಕೆ ಏರಿತು.

ಕೆಳಗಿನ ತರಗತಿಗಳಲ್ಲಿ ಇದಕ್ಕೆ ವಿರುದ್ಧವಾದ ನಡೆಯನ್ನು ಕಾಣುತ್ತೇವೆ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಉತ್ತೀರ್ಣತೆಗೆ ಲಿಖಿತ ಪರೀಕ್ಷೆ ಮತ್ತು ಆಂತರಿಕ ಅಂಕಗಳನ್ನು ಸೇರಿಸಿ ಒಟ್ಟು ಶೇ 33 ಪಡೆಯಬೇಕೆಂದು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಲಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಇದು 625ಕ್ಕೆ 206 ಅಂಕ. ಹೀಗೆ ಒಂದೆಡೆ ಗುರುವಿನ ಮೌಲ್ಯಮಾಪನದ ತೂಕ ಕುಗ್ಗಿದೆ. ಇನ್ನೊಂದೆಡೆ ಅದೇ ವಿದ್ಯಾರ್ಥಿಯ ಭವಿಷ್ಯವನ್ನು ನಿರ್ಣಯಿಸುವ ಹಂತಕ್ಕೆ ಬಂದಿದೆ. ನಲವತ್ತೋ ಇಪ್ಪತ್ತೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಆ ಅಂಕಗಳು ಏನನ್ನು ಹೇಳುತ್ತವೆ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಆಂತರಿಕ ಅಂಕಗಳ ವಿಷಯದಲ್ಲಿ ಎಲ್ಲರೂ ಬಲ್ಲ ಒಂದು ಗುಟ್ಟಿದೆ. ಹಲವು ಕಡೆ ಅವು ಕಲಿಕೆಯ ಅಳತೆಯಾಗಿ ಉಳಿದಿಲ್ಲ. ಹಾಜರಾತಿಗೆ, ವಿನಯಕ್ಕೆ, ಕೆಲವೊಮ್ಮೆ ಕೇವಲ ಕರುಣೆಗೆ ಸಲ್ಲುವ ಕಾಣಿಕೆಯಾಗಿವೆ. ತರಗತಿಯ ಬಹುಪಾಲು ಮಕ್ಕಳಿಗೆ ಹದಿನೆಂಟು, ಹತ್ತೊಂಬತ್ತು ಅಂಕ ಬಂದರೆ ಆ ಪಟ್ಟಿಯಿಂದ ಯಾರು ಏನನ್ನು ಕಲಿತರೆಂದು ತಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅನುಭವ ಇಲ್ಲಿ ಎಚ್ಚರಿಕೆಯಾಗಿದೆ. 2023ರಲ್ಲಿ ಶೇ 83.89 ಇದ್ದ ಫಲಿತಾಂಶವು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ 62.34 ಆಯಿತು. ಮಕ್ಕಳು ಒಂದೇ ವರ್ಷದಲ್ಲಿ ಮಂಕಾಗಲಿಲ್ಲ. ಮೊದಲಿನಿಂದಲೂ ಇದ್ದ ಕೊರತೆ ಕಣ್ಣಿಗೆ ಕಂಡಿತು, ಅಷ್ಟೆ.

ಈ ಕೊರತೆಯ ಭಾರವನ್ನು ಹೆಚ್ಚು ಹೊರುವವರು ಯಾರು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯನ್ನೇ ನೋಡೋಣ. ಕ್ಯಾತಗಾನಚೆರ್ಲುವಿನಂತಹ ಗ್ರಾಮಗಳಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಎಷ್ಟೋ ಮಕ್ಕಳು ಮನೆತನದಲ್ಲಿ ಪದವಿ ಮೆಟ್ಟಿಲು ಹತ್ತಿದ ಮೊದಲಿಗರು. ಗಡಿಭಾಗದ ಹಲವರ ಮನೆಮಾತು ತೆಲುಗು. ಪಾಠ ಕನ್ನಡದಲ್ಲಿ, ಪುಸ್ತಕ ಅನೇಕ ವೇಳೆ ಇಂಗ್ಲಿಷಿನಲ್ಲಿ. ನಗರದ ಅನುಕೂಲಸ್ಥರ ಮಗುವಿಗೆ ಕಾಲೇಜು ಕಲಿಸದಿದ್ದರೂ ಕಲಿಸುವ ಬೇರೆ ದಾರಿಗಳಿವೆ. ಈ ಮಕ್ಕಳಿಗೆ ತಮ್ಮ ಅಧ್ಯಾಪಕರನ್ನು ಬಿಟ್ಟರೆ 'ನಿನಗೆ ಇದು ಇನ್ನೂ ಬಂದಿಲ್ಲ, ಹೀಗೆ ಮಾಡಿದರೆ ಬರುತ್ತದೆ' ಎಂದು ಹೇಳುವವರಿಲ್ಲ. ಕರುಣೆಯಿಂದ ಕೊಟ್ಟ ಅಂಕವು ಆ ಒಂದು ಮಾತನ್ನೂ ಅವರಿಂದ ಕಸಿದುಕೊಳ್ಳುತ್ತದೆ.

ಶರಣರ ಬದುಕಿನಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಅಕ್ಕಿ ಕೆಟ್ಟದ್ದೆಂದು ಅವರು ಹಾಗೆ ಹೇಳಲಿಲ್ಲ. ಕಾಯಕದ ಅಳತೆಯನ್ನು ಮೀರಿ ಬಂದದ್ದು ಶಿವನಿಗೆ ಸಲ್ಲದು ಎಂಬುದು ಅವರ ನಿಲುವು. ಕಲಿಯದೆ ಬಂದ ಅಂಕವೂ ಅಂತಹ ಹೆಚ್ಚಿನ ಅಕ್ಕಿಯೇ. ಅದನ್ನು ಪಡೆದವನ ಹಸಿವು ತೀರುವುದಿಲ್ಲ. ಕೆಲಸದ ಸಂದರ್ಶನದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಆ ಹಸಿವು ಮತ್ತೆ ಎದುರಾಗುತ್ತದೆ.

ಹಾಗಾದರೆ ಅಧ್ಯಾಪಕರ ಕೈಯಿಂದ ಮೌಲ್ಯಮಾಪನವನ್ನು ಕಿತ್ತುಕೊಂಡು ಎಲ್ಲವನ್ನೂ ಪರೀಕ್ಷಾ ಮಂಡಳಿಗೆ ಒಪ್ಪಿಸಬೇಕೇ? ಅದು ಸರಿಯಾದ ಉತ್ತರವಲ್ಲ. ಕೊನೆಯ ಪರೀಕ್ಷೆ ಸೆಮಿಸ್ಟರ್ ಮುಗಿದ ಮೇಲೆ ಬರುತ್ತದೆ. ಆಗ ತಪ್ಪು ಗೊತ್ತಾದರೂ ತಿದ್ದಲು ಸಮಯವಿರುವುದಿಲ್ಲ. ಕಲಿಕೆ ನಡೆಯುತ್ತಿರುವಾಗಲೇ ಅದನ್ನು ಕಾಣಬಲ್ಲವರು ಪಾಠ ಹೇಳುವವರು ಮಾತ್ರ.

ಒಂದು ಉದಾಹರಣೆ ನೋಡಬಹುದು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಗಳಿಗೊಮ್ಮೆ ಶೇ 5ರ ಏರಿಕೆ ಎಂಬುದು ಆರಂಭದ ಒಪ್ಪಂದ. ಐದನೆಯ ವರ್ಷದ ಗುತ್ತಿಗೆ ಹಣ ಎಷ್ಟೆಂದು ವಾಣಿಜ್ಯ ವಿಭಾಗದ ಅಧ್ಯಾಪಕರು ತರಗತಿಯಲ್ಲಿ ಕೇಳಿದರೆಂದು ಭಾವಿಸೋಣ. ಸರಿಯಾದ ಉತ್ತರ 23,152 ರೂಪಾಯಿ 50 ಪೈಸೆ. ಕೆಲವರು 23,100 ಎಂದು ಬರೆಯುತ್ತಾರೆ. ವ್ಯತ್ಯಾಸ ಕೇವಲ 52 ರೂಪಾಯಿ 50 ಪೈಸೆ. ಆದರೆ ಆ ವಿದ್ಯಾರ್ಥಿ ಎರಡನೆಯ ಏರಿಕೆಯನ್ನೂ ಮೂಲ ಮೊತ್ತದ ಮೇಲೆಯೇ ಲೆಕ್ಕ ಹಾಕಿದ್ದಾನೆ, ಚಕ್ರಬಡ್ಡಿಯ ತತ್ತ್ವ ಅವನಿಗೆ ತಿಳಿದಿಲ್ಲ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ. ಮರುದಿನ ಅರ್ಧ ಗಂಟೆ ಅದನ್ನೇ ವಿವರಿಸಿದರೆ ಆ ಮಗು ಜೀವನಪೂರ್ತಿ ಸಾಲದ ಲೆಕ್ಕದಲ್ಲಿ ಮೋಸ ಹೋಗುವುದಿಲ್ಲ. ಯಾವ ಮಂಡಳಿಯೂ ದೂರದಿಂದ ಈ ಕೆಲಸವನ್ನು ಮಾಡಲಾರದು.

ಇಂತಹ ಮೌಲ್ಯಮಾಪನಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಸೆಮಿಸ್ಟರ್ ಆರಂಭದಲ್ಲಿ ವಿಭಾಗದ ಅಧ್ಯಾಪಕರು ಒಟ್ಟಿಗೆ ಕುಳಿತು, ವಿದ್ಯಾರ್ಥಿ ಕೊನೆಗೆ ಏನನ್ನು ಮಾಡಬಲ್ಲವನಾಗಬೇಕು ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆದುಕೊಳ್ಳಲಿ. ಕೆಲವು ಉತ್ತರ ಪತ್ರಿಕೆಗಳನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಿ, ಅಂಕ ಏಕೆ ಭಿನ್ನವಾಯಿತೆಂದು ಮಾತಾಡಲಿ. ತಿದ್ದಿದ ಪತ್ರಿಕೆ ಮಗುವಿನ ಕೈಗೆ ಮರಳಲಿ. ಕಂಡ ದೋಷಕ್ಕೆ ತಕ್ಕಂತೆ ಪಾಠ ಬದಲಾಗಲಿ. ಅನುಭವ ಮಂಟಪದಲ್ಲಿ ಶರಣರು ಒಬ್ಬರ ಅರಿವನ್ನು ಇನ್ನೊಬ್ಬರು ಪ್ರಶ್ನಿಸಿ ಒರೆಗೆ ಹಚ್ಚಿದ್ದೂ ಇದೇ ರೀತಿಯಲ್ಲಿ. ಅಲ್ಲಿ ಪ್ರಶ್ನೆ ಅವಮಾನವಾಗಿರಲಿಲ್ಲ, ಬೆಳೆಯುವ ಮಾರ್ಗವಾಗಿತ್ತು. ನ್ಯಾಕ್ ಸಮಿತಿ ಬರುವಾಗ ಮಾತ್ರ ಕಲಿಕಾ ಫಲಿತಗಳ ಕೋಷ್ಟಕಗಳನ್ನು ತುಂಬಿಸಿ ಕಡತದಲ್ಲಿ ಇಡುವುದು ಇದರ ಅಣಕವಷ್ಟೆ.

ಅಧ್ಯಾಪಕರ ಕಷ್ಟವನ್ನೂ ಮರೆಯಬಾರದು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯದವರಿಂದ, ಫಲಿತಾಂಶ ಕುಸಿದರೆ ತಮ್ಮ ಮೇಲೆಯೇ ದೂರು ಬರುತ್ತದೆಂಬ ಅಂಜಿಕೆಯಲ್ಲಿರುವವರಿಂದ ನಿಷ್ಠುರವಾದ ಮೌಲ್ಯಮಾಪನವನ್ನು ನಿರೀಕ್ಷಿಸುವುದು ಹೇಗೆ? ಸತ್ಯವನ್ನು ಹೇಳುವ ಅಧ್ಯಾಪಕರಿಗೆ ರಕ್ಷಣೆ ಕೊಡುವುದು ಸರ್ಕಾರದ, ಆಡಳಿತ ಮಂಡಳಿಗಳ ಕರ್ತವ್ಯ. ಮಠಗಳು ನಡೆಸುವ ವಿದ್ಯಾಸಂಸ್ಥೆಗಳು ಈ ವಿಷಯದಲ್ಲಿ ಮೊದಲ ಹೆಜ್ಜೆ ಇಡಬೇಕು.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹಕ್ಕೆ ನಮ್ಮ ನಾಡಿನ ಮಠಗಳು ಹೆಸರಾಗಿವೆ. ಪಂಕ್ತಿಯಲ್ಲಿ ಬಡಿಸುವವರು ಎಲೆಯನ್ನು ನೋಡಿಯೇ ಮುಂದೆ ಸಾಗುತ್ತಾರೆ. ಖಾಲಿಯಾಗಿದ್ದರೆ ಮತ್ತೆ ಬಡಿಸುತ್ತಾರೆ. ಅಕ್ಷರ ದಾಸೋಹದಲ್ಲಿಯೂ ಎಲೆಯನ್ನು ನೋಡುವ ಪದ್ಧತಿ ಬೇಕು. ಮೌಲ್ಯಮಾಪನವೆಂದರೆ ಅದೇ. ಪೋಷಕರಾದ ಸದ್ಭಕ್ತರು ಮಕ್ಕಳನ್ನು 'ಎಷ್ಟು ಅಂಕ ಬಂತು' ಎಂದು ಕೇಳುವ ಮೊದಲು 'ತಿದ್ದಿದ ಪತ್ರಿಕೆ ತೋರಿಸು' ಎಂದು ಕೇಳಲಿ. ಆ ಒಂದು ಪ್ರಶ್ನೆ ಮನೆಮನೆಯಿಂದ ಕಾಲೇಜನ್ನು ತಲುಪಿದರೆ, ಇಪ್ಪತ್ತು ಅಂಕಗಳಿಗೂ ತಕ್ಕ ಬೆಲೆ ಬಂದೀತು.